ಆರನೇ ಫ್ಯಾಂಟಸಿ ಮತ್ತು ನಮ್ಮ ಮನೆಯ ಇನ್ವರ್ಟರ್

ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕೂತು ಹಿಮ ನೋಡಬೇಕು ಅಂದರೆ ಎರಡೇ ದಾರಿ. ಒಂದು, ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು ಮುಖ ಒಳಗಿಟ್ಟು ನಿಲ್ಲುವುದು. ಇದಕ್ಕೆ ನಮ್ಮಮ್ಮ ಜಾಸ್ತಿ ಹೊತ್ತು ಬಿಡುವುದಿಲ್ಲ. ಇನ್ನೊಂದು, ಫೈನಲ್ ಫ್ಯಾಂಟಸಿ 6 ಅನ್ನೋ ವಿಡಿಯೋ ಗೇಮ್ ಹಾಕಿಕೊಂಡು ಕೂರುವುದು. ಆ ಆಟ ಶುರುವಾಗುವುದೇ ಹಿಮದಲ್ಲಿ. ಮೂರು ಜನ ದೊಡ್ಡ ದೊಡ್ಡ ಕಬ್ಬಿಣದ ಯಂತ್ರ ಹತ್ತಿ, ನಮಗೆ ಬೆನ್ನು ಮಾಡಿ, ಹಿಮ ಬೀಳುವ ಬಯಲಿನಲ್ಲಿ ದೂರದ ನಾರ್ಶೆ ಅನ್ನೋ ಊರಿನ ದೀಪಗಳ ಕಡೆ ನಿಧಾನಕ್ಕೆ ನಡೆಯುತ್ತಾ ಹೋಗುತ್ತಾರೆ. ನಮ್ಮ ಹಟ್ಟಿ ಥರ ಅದೂ ಗಣಿ ಊರೇ, ಅಲ್ಲಿ ಚಿನ್ನದ ಬದಲು ಕಲ್ಲಿದ್ದಲು, ಅಷ್ಟೇ. ಹಿಂದೆ ಸಂಗೀತ. ಪರದೆ ಮೇಲೆ ಹೆಸರುಗಳು. ಹೊರಗೆ ಬಿಸಿಲು 40 ದಾಟಿರುವಾಗ ಇದನ್ನು ನೋಡುತ್ತಾ ಕೂತರೆ ಸೆಕೆ ಕಮ್ಮಿಯಾಗುತ್ತದೆ ಅಂತ ನಾನು ನಂಬಿದ್ದೇನೆ. ನಮ್ಮಾಕೆ ನಂಬಿಲ್ಲ.

ನಾನು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವವನು. ಹತ್ತಿ ಸೀಸನ್ ಮುಗಿದ ಮೇಲೆ ನಮಗೆ ಕೆಲಸ ಸಡಿಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಬಿಸಿಲು ಇಳಿಯುವ ತನಕ ಯಾರೂ ಕರೆಯುವುದಿಲ್ಲ. ಹಿಂಗಾಗಿ ಈ ಸಲ ಆ ಹಳೇ ಆಟವನ್ನು ಮೊದಲಿಂದ ಕೊನೆ ತನಕ ಮತ್ತೆ ಆಡಬೇಕು ಅಂತ ಕೂತೆ. ಆಡಲು ಕೂತವನು ಆಡಲಿಲ್ಲ. ಯಾಕೆಂದರೆ ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ಯಾವ ಆರು? ಒಂದೇ ಆಟ ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ರೂಪದಲ್ಲಿ ಬಂದಿದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಈ ಆಟ ಜಪಾನಿನಲ್ಲಿ 1994ರ ಏಪ್ರಿಲ್‌ನಲ್ಲಿ ಬಂತು. ಸೂಪರ್ ಫ್ಯಾಮಿಕಾಮ್ ಅನ್ನೋ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ. ಇಡೀ ಆಟ, ಅಂದರೆ ಹದಿನಾಲ್ಕು ನಾಯಕ ನಾಯಕಿಯರು, ಎರಡು ಪ್ರಪಂಚ, ಒಂದು ಸಂಗೀತ ನಾಟಕ, ನೊಬುಒ ಉಎಮಾತ್ಸು ಅವರ ಅಷ್ಟೂ ಸಂಗೀತ, ಎಲ್ಲಾ ಸೇರಿ 3 ಎಂಬಿ. ದಿನಾ ಬೆಳಿಗ್ಗೆ ನಮ್ಮ ದೊಡ್ಡಪ್ಪ ಕಳಿಸುವ ಶುಭೋದಯದ ವಿಡಿಯೋ ಇದಕ್ಕಿಂತ ದೊಡ್ಡದು, ಅದರಲ್ಲಿ ಇರೋದು ಒಂದು ಗುಲಾಬಿ ಹೂವು. ಅದೇ ವರ್ಷ ಅಮೆರಿಕಕ್ಕೆ ಹೋದಾಗ ಆರು ಅನ್ನೋದು ಮೂರಾಯಿತು. ನಡುವಿನ ಕೆಲವು ಭಾಗಗಳು ಅಲ್ಲಿಗೆ ಬಂದೇ ಇರಲಿಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಇದು ಮೂರನೆಯದು. ಈ ಲೆಕ್ಕದ ದೆಸೆಯಿಂದ ಕಾಲೇಜಿನಲ್ಲಿ ನಾನೂ ನನ್ನ ಗೆಳೆಯನೂ ತೀನ್ ಕಂದೀಲ್ ಹತ್ತಿರ ಮಿರ್ಚಿ ತಿನ್ನುತ್ತಾ ಒಂದು ಸಂಜೆಯೆಲ್ಲಾ ಜಗಳ ಆಡಿದ್ದೇವೆ. ಮೂರೇ ಚೆಂದ ಅಂತ ಅವನು, ಆರೇ ಚೆಂದ ಅಂತ ನಾನು. ಕಥೆ ಹೇಳೋ ಅಂದೆ. ಹೇಳಿದ. ಎರಡೂ ಒಂದೇ. ಮಿರ್ಚಿ ಆರಿ ಹೋಗಿತ್ತು.

ಆ ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ, ಒಳ್ಳೆ ಸಂಬಳ, ಆದರೂ ಈ ವಿಷಯ ಬಂದರೆ ಆಫೀಸಿನ ಮೀಟಿಂಗ್ ಬಿಟ್ಟು ಫೋನ್ ಎತ್ತುತ್ತಾನೆ. "ಲೇ, ಆಡೋದಾದ್ರ ಮೂಲದ್ದೇ ಆಡು. ಉಳಿದಿದ್ದೆಲ್ಲ ನಕಲಿ" ಅಂದ. ಮೂಲದ್ದು ಅಂದರೆ 1994ರದ್ದು. ನನಗೂ ಮೂಲದ ಮೇಲೆ ಗೌರವ ಇದೆ, ಆದರೆ ಮೂಲದಲ್ಲಿ ಇರುವ ಹುಳುಕುಗಳನ್ನು ನೋಡಿದರೆ ನಗು ಬರುತ್ತದೆ. ಏಟು ತಪ್ಪಿಸಿಕೊಳ್ಳುವ ಶಕ್ತಿ ಅಂತ ಒಂದು ಅಂಕಿ ಇದೆ. ಅದನ್ನು ಹೆಚ್ಚಿಸಲು ನಾವು ಗುರಾಣಿ, ಟೋಪಿ ಅಂತ ಇರೋ ದುಡ್ಡೆಲ್ಲಾ ಸುರಿಯುತ್ತೇವೆ. ಆ ಅಂಕಿ ಕೆಲಸವನ್ನೇ ಮಾಡುವುದಿಲ್ಲ. ಮಂತ್ರದಿಂದ ತಪ್ಪಿಸಿಕೊಳ್ಳುವ ಅಂಕಿ ಬೇರೆ ಇದೆ ನೋಡಿ, ಅದೇ ಪಾಪ ಎರಡೂ ಕಡೆ ದುಡಿಯುತ್ತದೆ. ಇದರಿಂದ ಇನ್ನೊಂದು ಮಜಾ: ಶತ್ರುವಿಗೆ ಕಣ್ಣು ಕಾಣದ ಹಾಗೆ ಮಾಡಿದರೂ ಅವನ ಗುರಿ ತಪ್ಪುವುದಿಲ್ಲ. ಹಾಗೇ ಎಂಥಾ ದೊಡ್ಡ ರಾಕ್ಷಸನಿರಲಿ, ಮೊದಲು ಮಾಯವಾಗುವ ಮಂತ್ರ ಹಾಕಿ, ಆಮೇಲೆ ಸಾವಿನ ಮಂತ್ರ ಹಾಕಿದರೆ ಮುಗೀತು, ಬಹುಪಾಲು ರಾಕ್ಷಸರು ಅಲ್ಲೇ ಢಮಾರ್. ಚಿತ್ರ ಬರೆಯೋ ಒಬ್ಬ ಪುಟ್ಟ ಹುಡುಗಿ ಇದ್ದಾಳೆ, ರೆಲ್ಮ್ ಅಂತ. ಮೊದಲು ಬಂದ ಆಟದ ಡಬ್ಬಿ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಡ್ಜ್‌ಗಳಲ್ಲಿ ಅವಳು ಶತ್ರುವಿನ ಚಿತ್ರ ಬರೆಯಲು ಹೋಗಿ ಗ್ರಹಚಾರ ಕೆಟ್ಟರೆ ನಿಮ್ಮ ಚೀಲದ ಸಾಮಾನೆಲ್ಲಾ ಕಲಸುಮೇಲೋಗರ ಆಗಿ, ಸೇವ್, ಅಂದರೆ ಅಲ್ಲಿ ತನಕ ಆಡಿದ್ದನ್ನು ಉಳಿಸಿಟ್ಟದ್ದು, ಅದೂ ಹಾಳಾಗಬಹುದು. ಆ ಸೇವ್ ಇರೋದೇ ಮೂರು ಖಾನೆ, ಅದನ್ನು ಕಾಯೋದು ಕಾರ್ಟ್ರಿಡ್ಜ್ ಒಳಗಿನ ಒಂದು ಸಣ್ಣ ಬ್ಯಾಟರಿ. ಬ್ಯಾಟರಿ ಸತ್ತ ದಿನ ಹದಿನಾಲ್ಕೂ ಜನ ಒಟ್ಟಿಗೆ ಹೋಗಿಬಿಡುತ್ತಾರೆ. ಇಷ್ಟೆಲ್ಲಾ ಹೇಳಿದರೆ ಗೆಳೆಯ, "ಅದಾ ಮಜಾ" ಅಂದ. ಬೆಂಗಳೂರಿನಲ್ಲಿ ಇರುವವರಿಗೆ ತೊಂದರೆಯೂ ಮಜಾ ಆಗಿ ಕಾಣುತ್ತದೆ.

ನಾನು ಮೊದಲು ಆಡಿದ್ದು ಮೂಲದ್ದಲ್ಲ. ಪ್ಲೇಸ್ಟೇಷನ್‌ನದ್ದು. ಆ ರೂಪ 1999ರಲ್ಲಿ ಬಂದದ್ದು. ಸೌದಿಯಲ್ಲಿದ್ದ ನಮ್ಮ ಮಾಮ ರಜಕ್ಕೆ ಬಂದಾಗ ಒಂದು ಹಳೇ ಪ್ಲೇಸ್ಟೇಷನ್ ತಂದುಕೊಟ್ಟಿದ್ದ, ಜೊತೆಗೆ ಖರ್ಜೂರ. ಖರ್ಜೂರ ಓಣಿಗೆಲ್ಲಾ ಹಂಚಿದರು, ಪ್ಲೇಸ್ಟೇಷನ್ ಮಾತ್ರ ನನಗೇ ಉಳಿಯಿತು. ಶುರುವಿನಲ್ಲಿ ಚೆಂದದ ಸಿನಿಮಾ ಥರದ ದೃಶ್ಯಗಳು ಬರುತ್ತವೆ. ಅಷ್ಟು ಹೊತ್ತು ಸ್ವರ್ಗ. ಆಮೇಲೆ ಯುದ್ಧ ಬಂತು ಅಂದರೆ ಪರದೆ ಕಪ್ಪಾಗಿ, ಸಿಡಿ ಒಳಗೆ ಹಿಟ್ಟಿನ ಗಿರಣಿ ಥರ ಗರಗರ ಅಂದು, ಸುಮಾರು ಹೊತ್ತಾದ ಮೇಲೆ ಶತ್ರು ಪ್ರತ್ಯಕ್ಷ. ಯುದ್ಧ ಮುಗಿದರೆ ಮತ್ತೆ ಗರಗರ. ಮೆನು ತೆಗೆದರೂ ಗರಗರ. ಈ ಆಟದಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದು ಯುದ್ಧ. ಬಿಸಿಲಿಗೆ ಯಂತ್ರ ಕಾದರೆ ಗರಗರ ಇನ್ನೂ ಜಾಸ್ತಿ, ಅದಕ್ಕೆ ನಾನು ಟೇಬಲ್ ಫ್ಯಾನನ್ನು ನನ್ನ ಕಡೆಯಿಂದ ತಿರುಗಿಸಿ ಪ್ಲೇಸ್ಟೇಷನ್ ಕಡೆ ಇಡುತ್ತಿದ್ದೆ. ಇದನ್ನು ನೋಡಿ ಅಮ್ಮ, "ಹಡೆದ ತಾಯಿಗೆ ಎಂದರ ಹಿಂಗ ಗಾಳಿ ಹಚ್ಚೀಯೇನೋ" ಅಂದಿದ್ದಳು.

ಆ ಪ್ಲೇಸ್ಟೇಷನ್ ಕಾಲದ ಒಂದು ಸಂಜೆ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಆಟದ ನಡುವೆ ಆಕಾಶದಲ್ಲಿ ತೇಲುವ ಒಂದು ಭೂಖಂಡ ಬರುತ್ತದೆ. ಅಲ್ಲಿಂದ ತಪ್ಪಿಸಿಕೊಂಡು ಬರಲು ಆರು ನಿಮಿಷದ ಗಡಿಯಾರ ಓಡುತ್ತಿರುತ್ತದೆ. ನೆಲ ಕುಸಿಯುತ್ತಿದೆ, ರಾಕ್ಷಸರು ಅಡ್ಡ ಬರುತ್ತಿದ್ದಾರೆ, ಕೊನೆಗೆ ಅಂಚಿಗೆ ಬಂದು ನಿಂತರೆ ಕೆಳಗೆ ನಮ್ಮ ವಿಮಾನ. ಹಾರಬೇಕಾ, ಕಾಯಬೇಕಾ ಅಂತ ಆಟ ಕೇಳುತ್ತದೆ. ಯಾರಾದರೂ ಹಾರಿಯೇ ಬಿಡುತ್ತಾರೆ. ಆದರೆ ಶ್ಯಾಡೋ ಅಂತ ಒಬ್ಬ ಮುಖ ಮುಚ್ಚಿದ ಗೆಳೆಯ ಹಿಂದೆ ಉಳಿದಿರುತ್ತಾನೆ. ಗಡಿಯಾರದಲ್ಲಿ ಐದೇ ಸೆಕೆಂಡ್ ಉಳಿಯುವ ತನಕ ಕಾದರೆ ಅವನು ಓಡಿ ಬಂದು ಸೇರಿಕೊಳ್ಳುತ್ತಾನೆ. ಕಾಯದೆ ಹಾರಿದರೆ ಅವನು ಹೋದ, ಆಟ ಮುಗಿಯುವ ತನಕ ಮತ್ತೆ ಸಿಗುವುದಿಲ್ಲ. ನಾನು ಕಾಯುತ್ತಾ ನಿಂತಿದ್ದೆ. ಒಂದು ನಿಮಿಷ ಉಳಿದಿದೆ. ಮೂವತ್ತು ಸೆಕೆಂಡ್. ಹೊರಗೆ ಮಳೆಗಾಳಿ ಎದ್ದದ್ದು ಕೇಳಿಸುತ್ತಿತ್ತು, ಓಣಿಯ ಬೇವಿನ ಮರ ತೊನೆಯುತ್ತಿತ್ತು. ಇಪ್ಪತ್ತು. ಒಂದು ಟೊಂಗೆ ಹೋಗಿ ವೈರಿನ ಮೇಲೆ ಬಿತ್ತು.

ಕರೆಂಟ್ ಹೋಯಿತು.

ಇನ್ವರ್ಟರ್ ಇತ್ತು. ಟ್ಯೂಬ್‌ಲೈಟ್ ಹತ್ತಿತು, ಫ್ಯಾನ್ ತಿರುಗಿತು, ದೇವರ ಮನೆಯ ಸಣ್ಣ ಬಲ್ಬ್ ಕೂಡ ಹತ್ತಿತು. ಟಿವಿ ಮಾತ್ರ ಇಲ್ಲ. ಟಿವಿ ಇನ್ವರ್ಟರ್‌ಗೆ ಕೊಟ್ಟರೆ ಬ್ಯಾಟರಿ ಇಳಿಯುತ್ತದೆ ಅಂತ ವೈರಿಂಗ್ ಮಾಡಿಸುವಾಗಲೇ ಅಮ್ಮ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿದ್ದಳು. ಕೃಷ್ಣೆಯ ದಂಡೆಯಲ್ಲಿ, ಇಲ್ಲೇ ಶಕ್ತಿನಗರದಲ್ಲಿ, 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲಾ ಬೆಳಕು ಕೊಡುತ್ತಾರೆ. ಆದರೆ ಬೇವಿನ ಟೊಂಗೆಗೆ ಅದು ಹೇಗೆ ತಿಳಿಯಬೇಕು? ಶ್ಯಾಡೋ ಹೋದ. ಸೇವ್ ಎಲ್ಲೋ ಹಿಂದೆ ಇತ್ತು. ಮತ್ತೆ ಅದೇ ದಾರಿ, ಅದೇ ದೊಡ್ಡ ರಾಕ್ಷಸ, ಅದೇ ಗರಗರ. ಅಮ್ಮ ಬಂದು ನನ್ನ ಮುಖ ನೋಡಿ, ಪರೀಕ್ಷೆ ರಿಸಲ್ಟ್ ಬಂತೇನೋ ಅಂತ ಗಾಬರಿಯಾಗಿ ಕೇಳಿದಳು.

ಅವತ್ತಿನಿಂದ ನನ್ನ ಅಳತೆಗೋಲು ಒಂದೇ. ಸಂಗೀತ ಹೇಗಿದೆ, ಬಣ್ಣ ಹೇಗಿದೆ, ಮಾತು ಯಾರು ಬರೆದರು, ಇದೆಲ್ಲಾ ಆಮೇಲೆ. ಮೊದಲು ಹೇಳಿ, ಎಲ್ಲಿ ಬೇಕಾದರೂ ಸೇವ್ ಆಗುತ್ತದಾ? ಜಪಾನಿನಲ್ಲಿ ಆಟ ಮಾಡಿದವರು ಊರಿನ ಹೊರಗಿನ ದೊಡ್ಡ ನಕ್ಷೆಯಲ್ಲೋ, ನಡುನಡುವೆ ಇಟ್ಟ ಸೇವ್ ಜಾಗದಲ್ಲೋ ಮಾತ್ರ ಸೇವ್ ಅಂತ ನಿಯಮ ಮಾಡಿದಾಗ ಅವರ ತಲೆಯಲ್ಲಿ ನಮ್ಮ ಓಣಿ ಇರಲಿಲ್ಲ. ಇಲ್ಲಿ ಗ್ಯಾಸ್ ಸಿಲಿಂಡರ್ ಬರುತ್ತದೆ, ನೀರು ಬರುತ್ತದೆ, ನಳ ಬಂತು ಅಂದರೆ ಪ್ರಪಂಚ ಉಳಿಸುವ ಕೆಲಸ ಬಿಟ್ಟು ಕೊಡ ಹಿಡಿಯಬೇಕು.

ಈ ಅಳತೆಗೆ ಕೈಯಲ್ಲೇ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್‌ನ ರೂಪ ಚೆನ್ನಾಗಿ ಹೊಂದುತ್ತದೆ. 2006ರ ಕೊನೆಗೆ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂದದ್ದು. ನಡುವೆ ನಿಲ್ಲಿಸಿ ಎದ್ದು ಹೋಗಲು ಚಿಕ್ಕ ಸೇವ್ ಇದೆ. ಏಟು ತಪ್ಪಿಸುವ ಅಂಕಿ ಕೊನೆಗೂ ಕೆಲಸಕ್ಕೆ ಹಾಜರಾಗಿದೆ. ಡ್ರ್ಯಾಗನ್‌ಗಳ ಹೊಸ ಗುಹೆ, ಕರೆದರೆ ಬರುವ ನಾಲ್ಕು ಹೊಸ ದೈವಗಳು, ಇವೆಲ್ಲಾ ಜಾಸ್ತಿ. ಆದರೆ ಆ ಪುಟ್ಟ ಯಂತ್ರದ ಸ್ಪೀಕರಿನಲ್ಲಿ ಉಎಮಾತ್ಸು ಅವರ ಸಂಗೀತ ತಗಡಿನ ಡಬ್ಬಿಯೊಳಗಿಂದ ಬರುತ್ತದೆ. ಪರದೆಯೂ ಮೂಲಕ್ಕಿಂತ ಸಣ್ಣದು, ಚಿತ್ರದ ಅಂಚುಗಳು ಕತ್ತರಿಸಿ ಹೋಗಿವೆ. ಗೆಳೆಯನೊಬ್ಬನಿಂದ ಆ ಯಂತ್ರ ಇಸಕೊಂಡು ಹಾಸ್ಟೆಲ್‌ನಲ್ಲಿ ಆಡಿದ್ದೆ. ಕೊನೇ ಯುದ್ಧಕ್ಕೆ ಮೊದಲೇ ಅವನ ಮದುವೆಯಾಯಿತು, ಯಂತ್ರ ವಾಪಸ್ ಹೋಯಿತು. ಈಗ ಅದು ಅವನ ಮಗಳ ಹತ್ತಿರ ಇದೆ, ಕೇಳಲು ಮುಖ ಇಲ್ಲ.

2014ರಲ್ಲಿ ಮೊಬೈಲಿಗೆ ಬಂದ ರೂಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೊಂಬೆಗಳನ್ನು ನುಣ್ಣಗೆ, ಹೊಳೆಯುವ ಹಾಗೆ ಹೊಸದಾಗಿ ಬರೆದು ಹಳೇ ನೆಲದ ಮೇಲೆ ನಿಲ್ಲಿಸಿದ್ದರು. ಬೆರಳಿಟ್ಟರೆ ನಾಯಕನೇ ಬೆರಳಿನ ಕೆಳಗೆ ಮಾಯ. ಅದನ್ನು ಈಗ ಮಾರುವುದೂ ಇಲ್ಲ. ಯಾರೂ ಅತ್ತದ್ದು ನನಗೆ ನೆನಪಿಲ್ಲ.

ಉಳಿದದ್ದು 2022ರ ಪಿಕ್ಸೆಲ್ ರೀಮಾಸ್ಟರ್, ಅಂದರೆ ಹಳೇ ಚುಕ್ಕಿ ಚಿತ್ರಗಳ ಧಾಟಿಯಲ್ಲೇ ಹೊಸದಾಗಿ ತಿದ್ದಿ ತಂದ ರೂಪ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಕಾಲಿಟ್ಟರೆ ತಾನಾಗಿ ಸೇವ್. ಯುದ್ಧದ ಹೊರಗೆ ಬೇಕಾದಾಗ ಸೇವ್. ಇದನ್ನು ಓದಿದ ಕ್ಷಣ ನನ್ನ ತೀರ್ಮಾನ ಆಗಿಬಿಟ್ಟಿತ್ತು, ಆದರೂ ಗೆಳೆಯನಿಗೆ ಫೋನ್ ಮಾಡಿದೆ, ಯಾಕೆಂದರೆ ಜಗಳ ಇಲ್ಲದೆ ದುಡ್ಡು ಕೊಟ್ಟರೆ ಸಮಾಧಾನ ಇರುವುದಿಲ್ಲ. ಅಕ್ಷರ ನೋಡು, ಕಡ್ಡಿ ಕಡ್ಡಿ ಅಂದ. ಮೊದಲು ಹಾಗಿತ್ತು ನಿಜ, ಈಗ ಹಳೇ ಥರದ ಅಕ್ಷರವನ್ನೂ ಆರಿಸಿಕೊಳ್ಳಬಹುದು. ಗೇಮ್‌ಬಾಯ್‌ನ ಹೊಸ ಗುಹೆ ಇದರಲ್ಲಿ ಇಲ್ಲ ಅಂದ. ಅದೂ ನಿಜ. ರೈಲು ಎತ್ತಬಹುದಾ ಅಂತ ನಾನೇ ಕೇಳಿದೆ. ಈ ಆಟದಲ್ಲಿ ಸೇಬಿನ್ ಅಂತ ಒಬ್ಬ ಪೈಲ್ವಾನ್, ದೆವ್ವದ ರೈಲನ್ನೇ ಎತ್ತಿ ಕುಸ್ತಿಯ ಪಟ್ಟು ಹಾಕಿ ಬುಡಮೇಲು ಮಾಡುತ್ತಾನೆ. ರೈಲು ಜಂಕ್ಷನ್ ಕಡೆಯ ಹುಡುಗರಾದ ನಮಗೆ ಅದೊಂದು ದೃಶ್ಯ ಪ್ರಾಣ. ಎತ್ತಬಹುದು ಅಂದ. ಹಂಗಾದರೆ ಆಯಿತಲ್ಲ ಅಂದೆ. ಫೋನ್ ಇಟ್ಟ.

ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಟಿವಿಗೆ ವೈರ್ ಹಾಕಿದೆ. ರಜಕ್ಕೆ ಬಂದಿದ್ದ ಅಕ್ಕನ ಮಗ ಪಕ್ಕಕ್ಕೆ ಬಂದು ಕೂತ. "ಮಾಮಾ, ಇದು ಯಾಕ ಇಷ್ಟು ಸ್ಲೋ ಐತಿ? ಗನ್ ಯಾವಾಗ ಬರ್ತೈತಿ?" ಅಂದ. ಗನ್ ಬರಲ್ಲ, ಕತ್ತಿ ಬರುತ್ತದೆ, ಕೂತು ನೋಡು ಅಂದೆ. ನೋಡಲಿಲ್ಲ. ನಾನು ಗಂಜ್‌ಗೆ ಹೋದಾಗ ಮೆನುವಿನೊಳಗೆ ಹೋಗಿ ಕೈ ಆಡಿಸಿದ್ದ. 2023ರಲ್ಲಿ ಈ ರೂಪ ಪ್ಲೇಸ್ಟೇಷನ್ ಥರದ ಕನ್ಸೋಲ್‌ಗಳಿಗೆ ಬಂದಾಗ ಯುದ್ಧವೇ ಬರದ ಹಾಗೆ ಮಾಡುವ ಗುಂಡಿ, ಅನುಭವದ ಅಂಕ ನಾಲ್ಕು ಪಟ್ಟು ಬರುವ ಗುಂಡಿ ಎಲ್ಲಾ ಸೇರಿಸಿದ್ದರು, ಆಮೇಲೆ ಉಳಿದ ಕಡೆಯೂ ಬಂದವು. ಹುಡುಗ ನಾಲ್ಕು ಪಟ್ಟು ಇಟ್ಟು ಸುಮ್ನೆ ಎದ್ದು ಹೋಗಿದ್ದಾನೆ. ನನ್ನ ಜನ ಯಾಕೆ ಇಷ್ಟು ಬೇಗ ಬಲಿಯುತ್ತಿದ್ದಾರೆ ಅಂತ ಅನುಮಾನ ಬಂತು, ಆದರೆ ಹೊಗಳಿಕೆ ಬಂದಾಗ ಯಾರು ಲೆಕ್ಕ ತೆಗೆಯುತ್ತಾರೆ? ನನ್ನ ಜಾಣತನ ಅಂದುಕೊಂಡು ಮುಂದೆ ಹೋದೆ.

ಹೀಗೆ ನಾಟಕದ ದೃಶ್ಯ ಬಂತು. ಸೆಲಿಸ್ ಅನ್ನೋ ಮಾಜಿ ಸೇನಾಪತಿ ಹುಡುಗಿ, ಮರಿಯಾ ಅನ್ನೋ ಗಾಯಕಿಯ ವೇಷ ಹಾಕಿ ರಂಗದ ಮೇಲೆ ಹಾಡಬೇಕು. ಹಾಡಿನ ಸಾಲು ನಾವು ನೆನಪಿಟ್ಟು ಆರಿಸಬೇಕು. ಹಳೇ ರೂಪಗಳಲ್ಲಿ ಈ ಹಾಡು ಆ, ಊ ಅನ್ನೋ ಯಂತ್ರದ ದನಿ. ಪ್ಲೇಸ್ಟೇಷನ್ ಕಾಲದಲ್ಲಿ ಅಮ್ಮ ಅದನ್ನು ಕೇಳಿ, "ಯಾರೋ ಪೀಪಿ ಊದಾಕತ್ತಾರ, ಸಣ್ಣಗ ಮಾಡು" ಅಂದಿದ್ದಳು. ಅಮ್ಮನ ತವರು ಬಳ್ಳಾರಿ ಕಡೆ. ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿ ಬೆಳೆದ ಕಿವಿ, ಪೀಪಿಗೆಲ್ಲಾ ಒಪ್ಪುವುದಿಲ್ಲ. ಹೊಸ ರೂಪದಲ್ಲಿ ನಿಜವಾದ ಮನುಷ್ಯರು ಹಾಡಿದ್ದಾರೆ, ಜಪಾನಿ, ಇಂಗ್ಲಿಷ್, ಇಟಾಲಿಯನ್, ಫ್ರೆಂಚ್ ಅಂತ ಬೇರೆ ಬೇರೆ ಭಾಷೆಗಳಲ್ಲಿ. ಕನ್ನಡ ಇಲ್ಲ. ನಾನು ಇಟಾಲಿಯನ್ ಇಟ್ಟಿದ್ದೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಮಂಡಾಳು ತೋಯಿಸುತ್ತಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

"ಯಾರೋ ತಮ್ಮಾ ಈಕಿ?"

"ಸೇನಾಪತಿ ಅಮ್ಮಾ. ನಾಟಕದಾಗ ಪಾತ್ರ ಮಾಡಾಕತ್ತಾಳ."

"ಗಂಟಲ ಚಂದ ಐತಿ. ಏನಂತಾಳೋ ತಿಳೀಲಿಲ್ಲ" ಅಂದು ಸೋಫಾದ ತುದಿಗೆ ಕೂತಳು.

ಅಷ್ಟರಲ್ಲಿ ಮೇಲಿನ ಅಟ್ಟದಿಂದ ಒಂದು ಆಕ್ಟೋಪಸ್ ಭಾರಿ ತೂಕದ ಗುಂಡನ್ನು ಸೆಲಿಸ್‌ಳ ತಲೆ ಮೇಲೆ ಬೀಳಿಸಲು ನೂಕುತ್ತದೆ. ತಡೆಯಲು ಐದು ನಿಮಿಷ. ಗಡಿಯಾರ ಓಡಲು ಶುರು. ಗಡಿಯಾರ ಕಂಡರೆ ನಮ್ಮ ಓಣಿಯ ಕರೆಂಟಿಗೆ ಏನಾಗುತ್ತದೋ, ಆ ದೇವರೇ ಬಲ್ಲ. ಟಿವಿ ಕಪ್ಪಾಯಿತು. ಫ್ಯಾನ್ ತಿರುಗುತ್ತಲೇ ಇದೆ, ಟ್ಯೂಬ್‌ಲೈಟ್ ಉರಿಯುತ್ತಲೇ ಇದೆ. "ಏ, ಏನಾತೋ? ಆಕಿ ತಲಿ ಮ್ಯಾಲ ಬಿತ್ತೇನೋ?" ಅಂತ ಅಮ್ಮ ಎದ್ದೇಬಿಟ್ಟಳು. ಟಿವಿಯನ್ನು ಇನ್ವರ್ಟರ್‌ಗೆ ಕೊಡಿಸದೇ ಇದ್ದವಳು ಯಾರು ಅಂತ ಕೇಳುವ ಆಸೆ ತುಟಿ ತನಕ ಬಂತು. ಕೇಳಲಿಲ್ಲ, ಒಗ್ಗರಣೆ ಇನ್ನೂ ಆಗಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಆಟ ನಡೆದೇ ಇತ್ತು. ಅಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಭುಜಕ್ಕೆ ಗಲ್ಲ ತಾಗುವಷ್ಟು ಹತ್ತಿರ ಬಂದಳು. ಅಟ್ಟದ ಮೇಲೆ ಇಲಿಗಳು, ಅವುಗಳ ಜೊತೆ ಜಗಳ, ಕೊನೆಗೆ ನಮ್ಮವರೂ ಆಕ್ಟೋಪಸ್ಸೂ ಎಲ್ಲರೂ ದೊಪ್ಪಂತ ರಂಗದ ಮೇಲೆ ಬಿದ್ದರು, ಪ್ರೇಕ್ಷಕರ ಎದುರಿಗೇ. ಆಗ ನಾಟಕದ ಯಜಮಾನ ಇದೂ ಕಥೆಯದ್ದೇ ಭಾಗ ಅನ್ನೋ ಹಾಗೆ ಮಾತು ಹೊಂದಿಸಿಬಿಡುತ್ತಾನೆ. ಅಮ್ಮ ತೊಡೆ ತಟ್ಟಿ ನಕ್ಕಳು. "ಭಾಳ ಶಾಣ್ಯಾ ಅದಾನ ನೋಡು! ಟಿಕೀಟಿನ ರೊಕ್ಕ ವಾಪಸ್ ಕೊಡಬಾರ್ದಲ್ಲ!"

ಈಗ ನಿಜವಾದ ಯುದ್ಧ. ಅಮ್ಮ ಸೆರಗು ಬಿಗಿದುಕೊಂಡು ಕೂತಿದ್ದಾಳೆ. ನಾನು ದೊಡ್ಡ ಜಾದೂಗಾರನ ಹಾಗೆ ಮುಂಗೈ ಮೇಲೆ ಮಾಡಿ ಗುಂಡಿ ಒತ್ತಿದೆ. ಒಂದೆರಡು ಏಟು. ಆಕ್ಟೋಪಸ್ ಸೋತಿತು.

"ಅಷ್ಟಾ?" ಅಂದಳು ಅಮ್ಮ. "ಇಷ್ಟಕ್ಕ ಇಷ್ಟೊತ್ತು ಕುಂದ್ರಿಸಿದೇನು? ಪಾಪ, ಅದರ ಆರೋಗ್ಯನ ಸರಿ ಇರ್ಲಿಲ್ಲ ಕಾಣ್ತದ."

ಬಾಗಿಲ ಹಿಂದೆ ಅಕ್ಕನ ಮಗ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಮೆನು ತೆಗೆದು ನೋಡಿದೆ. ನಾಲ್ಕು ಪಟ್ಟು. ಆ ದಿನ ಅವನ ಪಾಲಿನ ಮಿರ್ಚಿಯಲ್ಲಿ ಅರ್ಧ ನಾನು ತಿಂದೆ.

ಈಗ ಅನುಭವದ ಅಂಕವನ್ನು ನಾಲ್ಕು ಪಟ್ಟಿನಿಂದ ಒಂದೇ ಪಟ್ಟಿಗೆ ಇಳಿಸಿದ್ದೇನೆ, ಆದರೆ ಅದರಿಂದ ಹೊಸ ತೊಂದರೆ. ಅಮ್ಮನಿಗೆ ಇದು ಧಾರಾವಾಹಿ ಆಗಿಬಿಟ್ಟಿದೆ. ಊಟ ಆದ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ನಾನು ಒಬ್ಬನೇ ಆಡಿದರೆ ಮುಖ ನೋಡಿಯೇ ಕಂಡುಹಿಡಿಯುತ್ತಾಳೆ. "ನನ್ನ ಬಿಟ್ಟು ಮುಂದ್ಹೋದಿ ಅಲ್ವಾ?" ಅದಕ್ಕೆ ಎರಡು ಸೇವ್ ಇಟ್ಟಿದ್ದೇನೆ, ಒಂದು ಅಮ್ಮನದು, ಒಂದು ನನ್ನದು. ಅಮ್ಮನ ಸೇವ್‌ನಲ್ಲಿ ಆಡುವಾಗ ಮುಂದೆ ಏನಾಗುತ್ತದೆ ಅಂತ ಗೊತ್ತಿಲ್ಲದವನ ಹಾಗೆ ಗಾಬರಿಯಾಗಬೇಕು. ನಮ್ಮಾಕೆಗೆ ಅತ್ತೆಯ ಹೊಸ ಹುಚ್ಚು ಕಂಡು ಖುಷಿ, ಟಿವಿ ಸಿಗದೆ ಸಿಟ್ಟು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಟಿವಿಯನ್ನೂ ಇನ್ವರ್ಟರ್‌ಗೆ ಕೊಡು ಅಂತ ಹೇಳಿದ್ದು ಅಮ್ಮನೇ. ಅವನು ನಾಳೆ ಬರ್ತೀನಿ ಅಂತ ದಿನಾ ಹೇಳುತ್ತಿದ್ದಾನೆ.

ಬಣ್ಣ ಬಣ್ಣದ ಬಟ್ಟೆ ಹಾಕಿಕೊಂಡು ಕಿಲಕಿಲ ನಗುತ್ತಾ ಊರಿನ ನೀರಿಗೇ ವಿಷ ಹಾಕುವ ಕೆಫ್ಕಾ ಅನ್ನೋ ಖಳನಾಯಕನನ್ನು ಕಂಡರೆ ಅಮ್ಮನಿಗೆ ಆಗುವುದಿಲ್ಲ. "ಆ ನಗೋ ಹುಚ್ಚನ್ನ ಯಾವಾಗ ಹೊಡೀತಿ?" ಅಂತ ಒಂದೇ ಸಮನೆ ಕೇಳುತ್ತಾಳೆ. ಇನ್ನೇನು ಅಮ್ಮಾ, ಆಕಾಶದ ಭೂಖಂಡಕ್ಕೆ ಹೋಗ್ತಿದ್ದೀವಲ್ಲ ಅಂತ ಸಮಾಧಾನ ಮಾಡಿದ್ದೇನೆ. ಅಲ್ಲಿ ಅವನೇ ಗೆದ್ದು ಪ್ರಪಂಚವನ್ನೇ ಹಾಳುಗೆಡವುತ್ತಾನೆ, ಆಟ ಅರ್ಧ ಇರುವಾಗಲೇ, ಅನ್ನೋದನ್ನು ಮನೆಯಲ್ಲಿ ಯಾರೂ ಅವಳಿಗೆ ಹೇಳಿಲ್ಲ. ಅಕ್ಕನ ಮಗನಿಗೆ ಗೊತ್ತಾಗಿದೆ, ಬಾಯಿ ಮುಚ್ಚಿಕೊಂಡಿರಲು ದಿನಕ್ಕೊಂದು ಐಸ್‌ಕ್ರೀಂ ಕೇಳುತ್ತಿದ್ದಾನೆ.